ಹಳೇ ಕಂಪ್ಯೂಟರ್‌ಗೆ ಹೊಸ ಓಎಸ್: ಇಲ್ಲಿವರೆಗೆ ಆಗಿದ್ದು

ದೀಪಾವಳಿ ಹೊತ್ತಿಗೆ

ಮಂಡ್ಯದ ಮನೆಯಲ್ಲಿರುವುದು ಫೋರ್ತ್ ಜನರೇಷನ್ ಇಂಟೆಲ್ ಐ3 ಪ್ರೊಸೆಸರ್‌ನ ಕಂಪ್ಯೂಟರ್, 4 ಜಿಬಿ ರ್‍ಯಾಮ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ಜನರೇಷನ್ ಪ್ರೊಸೆಸರ್ ಆದರೂ ಇರಬೇಕು. ನಮ್ಮದರಲ್ಲಿ ಎರಡೂ ಇಲ್ಲ. ಅಂಗಡಿಯವರು ಹೊಸದೇ ತಗೊಳ್ಳಿ ಅಂದರು. ಅಪ್ಪ ಪತ್ರ ಟೈಪ್ ಮಾಡುತ್ತಾರೆ, ಗದ್ದೆ ಲೆಕ್ಕ ಬರೆಯುತ್ತಾರೆ. ಅಷ್ಟಕ್ಕೆ ಹೊಸ ಮೆಷಿನ್ ಯಾಕೆ?

ಸದ್ಯಕ್ಕೆ ಇಎಸ್‌ಯು ಯೋಜನೆಗೆ ಸೇರಿಸಿದೆ. ಬೆಂಬಲ ಮುಗಿದ ಮೇಲೂ ವಿಂಡೋಸ್ 10ಕ್ಕೆ ಭದ್ರತಾ ಅಪ್‌ಡೇಟ್ ಕೊಡುವ ಮೈಕ್ರೋಸಾಫ್ಟ್ ಯೋಜನೆ ಅದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್‌ಗೆ ಒಪ್ಪಿದರೆ ದುಡ್ಡಿಲ್ಲ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು ಅಷ್ಟೆ. 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟ್ ಬರುತ್ತದೆ.

ಸಂಕ್ರಾಂತಿ ಆದಮೇಲೆ

ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ವಿಂಡೋಸ್ ಕೀ (ಲೈಸೆನ್ಸ್ ಸಂಖ್ಯೆ) ಸಿಗುತ್ತದೆ, ತಗೋ ಅಂತ ಗೆಳೆಯರು ಹೇಳಿದರು. ನಾನು ಬೇಡ ಅಂದೆ. ಅವುಗಳಲ್ಲಿ ಎಷ್ಟೋ ಕಂಪನಿಗಳಿಗೆ ಸಗಟಾಗಿ ಕೊಟ್ಟ ಕೀಗಳು. ಯಾವತ್ತು ಬೇಕಾದರೂ ಬ್ಲಾಕ್ ಆಗಬಹುದು. ಅದೂ ಅಲ್ಲದೆ, ಅರ್ಹತೆ ಇರುವ ಅಸಲಿ ವಿಂಡೋಸ್ 10 ಮೆಷಿನ್‌ಗೆ 11 ಉಚಿತವಾಗಿಯೇ ಸಿಗುತ್ತದೆ. ಅರ್ಹತೆ ಇಲ್ಲದಿದ್ದರೆ ಕೀ ಕೊಂಡರೂ ಪ್ರೊಸೆಸರ್ ಬದಲಾಗುವುದಿಲ್ಲ ಅಲ್ವಾ? ಖರ್ಚು ಮಾಡುವುದಾದರೆ ಹಾರ್ಡ್‌ವೇರ್‌ಗೆ ಮಾಡಬೇಕು. 256 ಜಿಬಿ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡ್ರೈವ್), ಜೊತೆಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೊಂದು 4 ಜಿಬಿ ಡಿಡಿಆರ್3 ರ್‍ಯಾಮ್ ತಂದೆ.

ವಿಂಡೋಸ್ ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಹಾಗೇ ಇದೆ. ಎಸ್‌ಎಸ್‌ಡಿಗೆ ವಿಂಡೋಸ್ ಬದಲಿಗೆ ಬಳಸಬಹುದಾದ ಓಎಸ್ ಲಿನಕ್ಸ್ ಮಿಂಟ್ 22, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದೆ. 2029ರ ತನಕ ಅಪ್‌ಡೇಟ್ ಇದೆ, ಪೂರ್ತಿ ಉಚಿತ. ಇನ್‌ಸ್ಟಾಲ್ ಮಾಡುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ಪ್ರಿಂಟರ್, ವೈಫೈ, ಸೌಂಡ್ ಎಲ್ಲಾ ಪರೀಕ್ಷಿಸಬಹುದು. ಇದನ್ನು ಮಾತ್ರ ಯಾರೂ ಬಿಡಬೇಡಿ.

ಈಗ: ನುಡಿ ಫೈಲ್‌ಗಳು

ನಿಜವಾದ ಕೆಲಸ ಇರುವುದು ಇಲ್ಲಿ. ಟೈಪಿಂಗ್ ಸುಲಭವಾಗಿ ಆಯಿತು. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್‌ನಲ್ಲಿ, ಕನ್ನಡ ತಂತ್ರಾಂಶ ನುಡಿಯಲ್ಲಿದ್ದ ಕಗಪ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ, ಅಪ್ಪನ ಬೆರಳಿಗೆ ಹೊಸದಾಗಿ ಏನೂ ಕಲಿಸಬೇಕಾಗಲಿಲ್ಲ. ಆದರೆ ಅವರ ಹಳೇ ಪತ್ರಗಳೆಲ್ಲ ಯೂನಿಕೋಡ್‌ಗೆ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಸಂಕೇತ ಇರುವ ಪದ್ಧತಿಗೆ) ಮುಂಚಿನ ನುಡಿ ಫಾಂಟ್‌ನಲ್ಲಿವೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿಕೊಂಡಿರುತ್ತವೆ. ಫಾಂಟ್ ಇಲ್ಲದಿದ್ದರೆ ಲಿಬ್ರೆಆಫೀಸ್‌ನಲ್ಲಿ (ಎಂಎಸ್ ಆಫೀಸ್ ಥರದ ಉಚಿತ ತಂತ್ರಾಂಶ) ಗೋಜಲು ಅಷ್ಟೇ ಕಾಣುತ್ತದೆ. ಫಾಂಟ್ ಹಾಕಿದರೆ ಓದಬಹುದು, ಆದರೂ ಒಂದು ಊರಿನ ಹೆಸರು ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸುತ್ತಿದ್ದೇನೆ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಅರ್ಕಾವತ್ತು ಇರುವ ಕಡೆ ಮಾತ್ರ ಕಣ್ಣಿಟ್ಟು ನೋಡಬೇಕು. ಹಳೇ ಫಾಂಟ್‌ನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ‘ಕಾರ್ಯ’, ‘ವರ್ಷ’ ಇರುವ ಸಾಲುಗಳನ್ನು ಅಪ್ಪನೇ ಕೂತು ಓದಿ ನೋಡುತ್ತಾರೆ. ಈ ಪತ್ರಗಳು ಉಳಿಯಬೇಕು ಅನ್ನುವುದೇ ನನಗೆ ಎಲ್ಲಕ್ಕಿಂತ ಮುಖ್ಯ.

ಬಾಕಿ ಇರುವುದು: ಲೆಕ್ಕದ ಶೀಟ್‌ಗಳ ಪರಿವರ್ತನೆ, ಸ್ಕ್ಯಾನರ್. ಅಕ್ಟೋಬರ್ ಆದಮೇಲೆ ವಿಂಡೋಸ್‌ನಲ್ಲಿ ಇಂಟರ್ನೆಟ್ ಬಂದ್ ಮಾಡುತ್ತೇನೆ. ಬ್ಯಾಂಕ್ ಕೆಲಸವನ್ನು ಈಗಾಗಲೇ ಮಿಂಟ್‌ನಲ್ಲೇ ಮಾಡುತ್ತಿದ್ದೇವೆ.