ಒಂದೇ ಮನೆ, ಮೂರು ಕಾಲದ ಫೋಟೋ

ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಬ್ಬರು "ಈ ಸಲ ರಜೆಗೆ ಎಲ್ಲರೂ ಒಟ್ಟಿಗೆ ಹೋಗೋಣ" ಅಂತ ಹಾಕುತ್ತಾರೆ. ಹತ್ತು ಜನ ಹೆಬ್ಬೆರಳು ಎತ್ತುತ್ತಾರೆ. ಆಮೇಲೆ ಮನೆ ಹುಡುಕುವ ಕೆಲಸ ಮಾತ್ರ ನನ್ನ ತಲೆಗೆ. ಈ ಏಪ್ರಿಲ್‌ನಲ್ಲೂ ಅದೇ ಆಯಿತು.

ಹೋಟೆಲ್ ಬೇಡ ಅಂದಿದ್ದು ನಾನೇ. ಹನ್ನೊಂದು ಜನಕ್ಕೆ ನಾಲ್ಕು ರೂಮು ತಗೊಂಡರೆ ಊಟ ಮುಗಿದ ಕೂಡಲೇ ನಾಲ್ಕು ಬಾಗಿಲು ಮುಚ್ಚಿಕೊಳ್ಳುತ್ತವೆ. ಅತ್ತೆ ಒಬ್ಬರೇ ಟೀವಿ ನೋಡುತ್ತಾ ಕೂರಬೇಕು. ಅದಕ್ಕೆ ಬೆಂಗಳೂರೇ ಸಾಕಲ್ವಾ? ಪೂರ್ತಿ ಮನೆಯೇ ಬಾಡಿಗೆಗೆ ಸಿಗಬೇಕು, ಜಗುಲಿ ಇರಬೇಕು, ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ಐದಾರು ಗಂಟೆಯೊಳಗೆ ಮುಟ್ಟಬೇಕು. ಸಕಲೇಶಪುರ ಅಂತ ತೀರ್ಮಾನವಾಯಿತು. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್.

ಮೂರು ರಾತ್ರಿ ಮೊಬೈಲ್ ನೋಡಿ ನೋಡಿ ಒಂದು ಹಳೇ ಎಸ್ಟೇಟ್ ಮನೆ ಹಿಡಿದೆ. ಹೆಂಚಿನ ಮನೆ, ಕೆಂಪು ಗಾರೆ ನೆಲ. ದಿನಕ್ಕೆ 16 ಸಾವಿರ, ಮೇಲೆ 5 ಸಾವಿರ ಡೆಪಾಸಿಟ್. ಫೋಟೋಗಳಂತೂ ಕಣ್ಣಿಗೆ ಹಬ್ಬ. ತೋಟದ ತುಂಬ ಬೆಳ್ಳಗೆ ಕಾಫಿ ಹೂವು. ಇನ್ನೊಂದರಲ್ಲಿ ಗೊಂಚಲು ಗೊಂಚಲು ಕೆಂಪು ಹಣ್ಣು. ಮತ್ತೊಂದರಲ್ಲಿ ಮನೆ ಹಿಂದೆಯೇ ನೊರೆ ಉಕ್ಕಿಸಿಕೊಂಡು ಹರಿಯೋ ಹಳ್ಳ. ನಾಲ್ಕು ಬೆಡ್‌ರೂಮು, ಮೂರು ಬಾತ್‌ರೂಮು, ಅಡುಗೆಮನೆ. ಗ್ರೂಪಿಗೆ ಹಾಕಿದೆ. ಎಲ್ಲರೂ ಓಕೆ. ದುಡ್ಡು ಕಟ್ಟಿದೆ.

ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ ದಾಟಿ ಸಕಲೇಶಪುರದವರೆಗೆ ಏನೂ ತೊಂದರೆ ಇರಲಿಲ್ಲ. ಅಲ್ಲಿಂದ ಒಂಬತ್ತು ಕಿಲೋಮೀಟರ್ ಅಂತ ಮ್ಯಾಪು ಹೇಳಿತ್ತು. ಏಳೂವರೆ ಕಿಲೋಮೀಟರಿಗೇ ಡ್ರೈವರ್ ಗಾಡಿ ನಿಲ್ಲಿಸಿ ಇಳಿದು ರಸ್ತೆ ನೋಡಿ ಬಂದ. "ಮೇಡಂ, ಇದು ಟಿಟಿ ಹೋಗೋ ದಾರಿ ಅಲ್ಲ." ಫೋನ್ ಮಾಡಿದರೆ ಮ್ಯಾನೇಜರ್ ಆರಾಮಾಗಿ, "ಹೌದು ಮೇಡಂ, ಜೀಪ್ ಕಳಿಸ್ತೀವಿ, ಟ್ರಿಪ್ಪಿಗೆ 600" ಅಂದ. ಜನಕ್ಕೊಂದು ಟ್ರಿಪ್, ಲಗೇಜಿಗೊಂದು ಟ್ರಿಪ್. ನಮ್ಮೆಜಮಾನ್ರು ನನ್ನ ಮುಖ ನೋಡಿದರು. ನಾನು ಸಿಲ್ವರ್ ಓಕ್ ಮರ ನೋಡಿದೆ.

ಮನೆ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ನಾಲ್ಕನೇ ಬೆಡ್‌ರೂಮು ಅಂದರೆ ಅಟ್ಟ. ಹತ್ತುವುದಕ್ಕೆ ಏಣಿಯಂಥ ಮರದ ಮೆಟ್ಟಿಲು. ಮಕ್ಕಳು ನೋಡಿದ ತಕ್ಷಣ ಓಡಿ ಹೋಗಿ ಹಿಡಿದುಕೊಂಡವು, ಆ ಸಮಸ್ಯೆ ಅಲ್ಲಿಗೇ ಮುಗಿಯಿತು. ಮೂರನೇ ಬಾತ್‌ರೂಮು ಮಾತ್ರ ಮನೆಯೊಳಗೆ ಇರಲೇ ಇಲ್ಲ. ಹಿತ್ತಲ ಬಾಗಿಲು ದಾಟಿ, ಅಂಗಳ ದಾಟಿ, ಎರಡು ಕಲ್ಲು ಮೆಟ್ಟಿಲು ಹತ್ತಿದರೆ ಒಂದು ಹಳೇ ಬಚ್ಚಲುಮನೆ. ಒಳಗಿನ ಎರಡರಲ್ಲಿ ಗೀಸರ್ ಇತ್ತು, ಕರೆಂಟ್ ಇರಲಿಲ್ಲ. ಯುಪಿಎಸ್ ಇದೆ ಅಂತ ಹಾಕಿದ್ದರು. ಅದು ಲೈಟು ಫ್ಯಾನಿಗೆ, ಗೀಸರಿಗಲ್ಲ. ಮಂಡಿ ನೋವಿನ ಅತ್ತೆಯನ್ನು ಕರೆದುಕೊಂಡು ಬಂದು ಇದೇನು ಮಾಡಿಕೊಂಡೆ ಅಂತ ನನಗೆ ಅಳುವೇ ಬಂತು.

ಅತ್ತೆ ನನ್ನನ್ನು ಕೇಳಲೇ ಇಲ್ಲ. ಬೆಳಗ್ಗೆ ಆರು ಗಂಟೆಗೆ ನೋಡಿದರೆ ಹಾಸಿಗೆ ಖಾಲಿ. ಹಿತ್ತಲಿಗೆ ಓಡಿದೆ. ಬಚ್ಚಲುಮನೆಯ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಗೋಡೆಯೊಳಗೆ ಕೂರಿಸಿದ ತಾಮ್ರದ ಹಂಡೆ, ಹೊರಗಡೆ ಒಲೆ ಬಾಯಿ. ಅಡುಗೆಯ ಅಕ್ಕ ಅಲ್ಲಿ ಕುಕ್ಕರಗಾಲಲ್ಲಿ ಕೂತು ಒಣಗಿದ ಕಾಫಿ ಗಿಡದ ಬುಡ್ಡೆ ಒಟ್ಟುತ್ತಿದ್ದರು. ಒಳಗಿನಿಂದ ಅತ್ತೆಯ ದನಿ: "ಇನ್ನೊಂದು ಸೌದೆ ಹಾಕವ್ವ, ಕಾಯ್ಲಿ." ಆಮೇಲೆ ಚೊಂಬು ಹಂಡೆಗೆ ತಾಗುವ ಟಣ್ ಅನ್ನೋ ಸದ್ದು, ನೀರು ಕಲ್ಲಿನ ಮೇಲೆ ಬೀಳುವ ಸದ್ದು, ಮತ್ತೆ ಟಣ್. ಮುಕ್ಕಾಲು ಗಂಟೆ ಸ್ನಾನ ಮಾಡಿದರು. ಹೊರಗೆ ಬಂದಾಗ ಮುಖ ಕೆಂಪಗಾಗಿತ್ತು, ಸೀರೆಯೆಲ್ಲ ಹೊಗೆ ವಾಸನೆ. ತುರುವೇಕೆರೆ ಹತ್ತಿರದ ತವರುಮನೆಯಲ್ಲಿ ಹೀಗೇ ಹಂಡೆ ಇತ್ತಂತೆ. ಮದುವೆಯಾಗಿ 20 ವರ್ಷವಾಯಿತು, ಆ ಹಂಡೆಯ ವಿಷಯ ನನಗೆ ಗೊತ್ತಿರಲಿಲ್ಲ. ಮೂರು ದಿನವೂ ಅವರು ಗೀಸರ್ ಕಡೆ ತಿರುಗಿ ನೋಡಲಿಲ್ಲ. ಮೆಟ್ಟಿಲಿಗೆ ನನ್ನ ಮೈದುನ ಒಂದು ಕೈ ಕೊಡುತ್ತಿದ್ದ, ಅಷ್ಟೇ.

ಈ ಬಚ್ಚಲಿನ ಒಂದೇ ಒಂದು ಫೋಟೋ ಜಾಹೀರಾತಿನಲ್ಲಿ ಇರಲಿಲ್ಲ ನೋಡಿ.

ಅಡುಗೆಮನೆ ಕಥೆ ಬೇರೆ. ಓರಗಿತ್ತಿ ರಾಗಿಹಿಟ್ಟು, ಒಗ್ಗರಣೆ ಡಬ್ಬಿ, ಕುಕ್ಕರ್ ಎಲ್ಲ ಹೊತ್ತುಕೊಂಡು ಬಂದಿದ್ದಳು. ಅಲ್ಲಿ ಹೋದಮೇಲೆ ಗೊತ್ತಾಯಿತು, ಅಡುಗೆಮನೆ ಇರುವುದು ಹಾಲು ಕಾಯಿಸುವುದಕ್ಕೆ, ಊಟ ಅವರದ್ದೇ ತಗೋಬೇಕು, ತಲೆಗೆ ಇಷ್ಟು ಅಂತ. ಸ್ವಲ್ಪ ಜಗಳವೇ ಆಡಿದೆ. ಆದರೆ ಆ ಅಕ್ಕ ಮೊದಲನೇ ದಿನ ಕಡುಬು ಮತ್ತು ಕೋಳಿ ಸಾರು ಬಡಿಸಿದ ಮೇಲೆ ನಮ್ಮ ಕಡೆ ಯಾರೂ ನನ್ನ ಪರ ಮಾತಾಡಲಿಲ್ಲ. ಮಾರನೇ ದಿನ ಅಕ್ಕಿ ರೊಟ್ಟಿ, ಎಳೇ ಹಲಸಿನಕಾಯಿ ಪಲ್ಯ. ಓರಗಿತ್ತಿಯ ಕುಕ್ಕರ್ ಚೀಲದಿಂದ ಹೊರಗೇ ಬರಲಿಲ್ಲ.

ಎರಡನೇ ದಿನ ತೋಟ ಸುತ್ತಿಸಲು ರೈಟರ್ ಬಂದರು. ತೋಟದ ಕೆಲಸ, ಲೆಕ್ಕ ಎಲ್ಲ ನೋಡಿಕೊಳ್ಳುವವರನ್ನು ಅಲ್ಲಿ ಹಾಗೇ ಕರೆಯುವುದು. ನನ್ನ ಮಗಳು ಕೇಳಿದಳು, "ಅಂಕಲ್, ಹೂವೆಲ್ಲಿ?" ಅವರು ಕಾಫಿ ಗಿಡದ ಒಂದು ಕೊಂಬೆ ಬಗ್ಗಿಸಿ ತೋರಿಸಿದರು. ಗೆಣ್ಣಿನ ಸುತ್ತ ಗುಂಡುಸೂಜಿ ತಲೆಯಷ್ಟು ಹಸಿರು ಕಾಯಿ. ಹೂಮಳೆ ಬಿದ್ದು ಎಂಟತ್ತು ದಿನಕ್ಕೆ ಕಾಫಿ ಅರಳುತ್ತದೆ, ಎರಡು ಮೂರು ದಿನ ಘಮ್ ಅನ್ನುತ್ತದೆ, ಆಮೇಲೆ ಕಂದಾಗಿ ಉದುರುತ್ತದೆ. ನಾವು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಣ್ಣು ನೋಡಬೇಕಾದರೆ ಡಿಸೆಂಬರ್‌ಗೆ ಬರಬೇಕು. ಹಳ್ಳ? ಹಳ್ಳದಲ್ಲಿ ಬಂಡೆ ಇತ್ತು, ಪಾದ ನೆನೆಯುವಷ್ಟು ನೀರಿತ್ತು. "ಅದು ಆಗಸ್ಟ್ ಫೋಟೋ ಮೇಡಂ. ಆಗ ಬಂದರೆ ನೀರು ಜಾಸ್ತಿ, ಇಂಬಳನೂ (ಜಿಗಣೆ) ಜಾಸ್ತಿ" ಅಂತ ನಕ್ಕರು. ನಾನು ಅಲ್ಲೇ ಮೊಬೈಲ್ ತೆಗೆದು ಮತ್ತೆ ನೋಡಿದೆ. ಮಾರ್ಚ್, ಆಗಸ್ಟ್, ಡಿಸೆಂಬರ್. ಮೂರು ಕಾಲವನ್ನು ಒಂದೇ ಪುಟದಲ್ಲಿ ಅಂಟಿಸಿದ್ದಾರೆ. ಒಂದೇ ಒಂದು ಫೋಟೋನೂ ಸುಳ್ಳಲ್ಲ. ಎಲ್ಲವೂ ಒಟ್ಟಿಗೆ ಸಿಗುವ ದಿನ ಮಾತ್ರ ಇಲ್ಲ.

ವಾಪಸ್ ಬರುವ ದಿನ ಹೆದ್ದಾರಿ ಪಕ್ಕದ ಮಂಜರಾಬಾದ್ ಕೋಟೆಗೆ ಹೋದೆವು. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಅಲ್ಲೂ ಇದೇ ಫಜೀತಿ. ಮಕ್ಕಳು ಡ್ರೋನ್ ಫೋಟೋ ನೋಡಿ ಬಂದಿದ್ದವು. ಇನ್ನೂರಕ್ಕೂ ಜಾಸ್ತಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಒಳಗೆ ನಿಂತು, "ಸ್ಟಾರ್ ಎಲ್ಲಿ?" ಅಂತ. ನಕ್ಷತ್ರದ ಒಳಗೇ ನಿಂತಿದ್ದೀರಲ್ರೋ, ಹೇಗೆ ಕಾಣುತ್ತೆ! ಅತ್ತೆ ಕೆಳಗೆ ಗಾಡಿಯಲ್ಲೇ ಕೂತು ಸೌತೆಕಾಯಿ ತಿಂದರು.

ಮುಂದಿನ ಸಲ ಬುಕ್ ಮಾಡುವ ಮೊದಲು ನಾನು ವಿಡಿಯೋ ಕಾಲ್ ಮಾಡುತ್ತೇನೆ. ಟಿಟಿ ನಿಲ್ಲುವ ಜಾಗದಿಂದ ಬಚ್ಚಲಿನವರೆಗೆ ಫೋನ್ ಹಿಡಿದುಕೊಂಡು ನಡೆಯಿರಿ ಅನ್ನುತ್ತೇನೆ. ಎಷ್ಟು ಮೆಟ್ಟಿಲು, ಒಲೆ ಹಚ್ಚಬಹುದಾ, ಕರೆಂಟ್ ಹೋದರೆ ಏನೇನು ನಡೆಯುತ್ತದೆ, ನಾವು ಬರುವ ತಿಂಗಳಲ್ಲಿ ತೋಟದಲ್ಲಿ ಏನಿರುತ್ತದೆ, ಬಾಯಿ ಬಿಟ್ಟು ಕೇಳುತ್ತೇನೆ. ಸಂಕೋಚ ಪಟ್ಟುಕೊಂಡರೆ ಜೀಪಿಗೆ 1,200 ಕೊಡಬೇಕಾಗುತ್ತದೆ.

ಡೆಪಾಸಿಟ್ ಎಂಟು ದಿನ ಸತಾಯಿಸಿ ವಾಪಸ್ ಬಂತು, 700 ರೂಪಾಯಿ ಮುರಿದುಕೊಂಡು. ಬೆಡ್‌ಶೀಟ್ ಮೇಲೆ ಎಣ್ಣೆ ಕಲೆಯಂತೆ. ಅದು ಅತ್ತೆ ಮಂಡಿಗೆ ಹಚ್ಚಿಕೊಳ್ಳೋ ಎಣ್ಣೆ, ವಾದ ಮಾಡುವ ಹಾಗಿರಲಿಲ್ಲ. ಅವರಿಗೆ ಹೇಳಬಾರದು ಅಂದುಕೊಂಡಿದ್ದೆ, ಮಗಳು ಹೇಳಿಬಿಟ್ಟಳು. ಅತ್ತೆ ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದರು:

"ಏಳ್ನೂರು ಇಸ್ಕೊಂಡ್ಮೇಲೆ ಆ ಬೆಡ್‌ಶೀಟು ನಮ್ದೇ ಅಲ್ವಾ? ಕಳಿಸೋಕೆ ಹೇಳು."