ಪೇಟಕ್ಕೆ ತಯಾರಾಗಿದ್ದೆ, ಸೆರಗಿಗೆ ಸಿಕ್ಕಿಬಿದ್ದೆ

ಕ್ಯಾರೆಕ್ಟರ್ ಡಿಸೈನ್‌ನಲ್ಲಿ ಮುಖ ಬರೆಯುವುದು ಸುಲಭ. ಜಗಳ ಎಲ್ಲ ಬಟ್ಟೆಯದ್ದು. ಮೈಸೂರಿನಲ್ಲಿ ಕೂತು ಮಕ್ಕಳ ಅನಿಮೇಶನ್ ವಿಡಿಯೋಗಳಿಗೆ ಪಾತ್ರಗಳ ಚಿತ್ರ ಬರೆಯುವ ನನಗೆ ಇದು ಹೊಸದೇನಲ್ಲ. ಆದರೂ ಮಂಡ್ಯದ ಹಳ್ಳಿ ಸೀರೀಸ್‌ನ ರಿವ್ಯೂ ಕಾಲ್ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬ್ರೀಫ್ ಚೆನ್ನಾಗಿತ್ತು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಒಂದು ಊರು. ಅಜ್ಜಿ, ಮೊಮ್ಮಗಳು, ಕಬ್ಬು ಬೆಳೆಯುವ ಅಪ್ಪ, ಜಾತ್ರೆಗೆ ಬರುವ ಕಂಸಾಳೆ ಕಲಾವಿದ.

ಅಜ್ಜಿಯ ಮೇಲೆ ನನಗೆ ಜಾಸ್ತಿ ಆಸೆ. ಮೊದಲ ಸ್ಕೆಚ್‌ಗಳಲ್ಲಿ ಅವಳು ಯಾವ ಊರಿನ ಅಜ್ಜಿ ಬೇಕಾದರೂ ಆಗಬಹುದಿತ್ತು. ಒಳಗೆಲ್ಲ ಕಪ್ಪು ತುಂಬಿ ಸಿಲೂಯೆಟ್ ನೋಡಿದರೆ ಬರೀ ಒಂದು ಮೂಟೆ. ಆಮೇಲೆ ಸೆರಗನ್ನು ಬೆನ್ನ ಹಿಂದಿನಿಂದ ಸುತ್ತಿ ತಂದು ಸೊಂಟಕ್ಕೆ ಸಿಕ್ಕಿಸಿದೆ. ಸೀರೆಯನ್ನು ಕಣಕಾಲಿನಿಂದ ಮೇಲಕ್ಕೆ ಎತ್ತಿದೆ. ಸೊಂಟದಲ್ಲಿ ಎಲೆ ಅಡಿಕೆ ಚೀಲ. ಅಷ್ಟೇ ಸಾಕಾಯಿತು, ಅವಳು ಗದ್ದೆ ಕಡೆ ಹೊರಟೇಬಿಟ್ಟಳು. ಒಡವೆ ಹಾಕಿದ್ದರಿಂದ ಆಗದ್ದು ಸೆರಗು ಸಿಕ್ಕಿಸಿದ್ದರಿಂದ ಆಯಿತು. ಆಳು ಏನು ಕೆಲಸ ಮಾಡುತ್ತಾನೆ ಅಂತ ಬಟ್ಟೆ ಹೇಳಬೇಕು, ಜರಿ ಅಂಚು ಆಮೇಲಿನ ಮಾತು.

ಅಪ್ಪನಿಗೆ ಎತ್ತಿ ಕಟ್ಟಿದ ಪಂಚೆ, ಕೆಳಗೆ ಇಣುಕುವ ಪಟ್ಟೆ ನಿಕ್ಕರ್, ತಲೆಗೆ ಟವೆಲ್. ಹೆಗಲಿಗೆ ಹಸಿರು ಶಾಲು ಹಾಕಿದ್ದೆ. ರೈತ ಸಂಘದ್ದು ಅನ್ನಿಸಿಬಿಡುತ್ತೆ ಅಂತ ಕ್ಲೈಂಟ್ ತೆಗೆಸಿದರು. ಸರಿ, ಅದರಲ್ಲಿ ಅರ್ಥ ಇತ್ತು. ಚೌಕುಳಿ ಅಂಗಿ ಬರೆದೆ. ಅದನ್ನು ರಿಗ್ಗರ್, ಅಂದರೆ ಚಿತ್ರ ಅಲುಗಾಡುವಂತೆ ಕೈಕಾಲಿಗೆ ಕೀಲು (ರಿಗ್) ಕಟ್ಟುವವನು, ತೆಗೆಸಿದ. 1921ರಲ್ಲಿ ಇದೇ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯ ಪಂಚೆ, ಚೌಕುಳಿ ಕೋಟಿನಲ್ಲೇ ದಶಕಗಟ್ಟಲೆ ಕಾಲ ಹಾಕಲಿಲ್ಲವಾ ಅಂತ ವಾದ ಮಾಡಿದೆ. 'ಅವರದ್ದು ಪೇಪರ್‌ನಲ್ಲಿ ಸುಮ್ನೆ ನಿಂತಿರುತ್ತೆ ಗುರೂ, ನಿಂದು ಕೈ ಎತ್ತಬೇಕು' ಅಂದ. ಕೈ ಎತ್ತಿದರೆ ಚೌಕಗಳು ಬಟ್ಟೆ ಬಿಟ್ಟು ಜಾರುತ್ತವೆ. ಅದೂ ನಿಜ.

ಆದರೆ ಕ್ಲೈಂಟ್ ಇನ್ನೊಂದು ಬೇಡಿಕೆ ಇಟ್ಟರು. ಅಪ್ಪನಿಗೆ ಮೈಸೂರು ಪೇಟ! 'ಮೈಸೂರು ಮಂಡ್ಯ ಫೀಲ್ ಬರುತ್ತೆ' ಅಂತೆ. ನಮ್ಮ ಕಡೆ ಪೇಟ ತಲೆಗೇರುವುದು ಮದುವೆಗೆ, ಸನ್ಮಾನಕ್ಕೆ. ಪೇಟ ಇಟ್ಟುಕೊಂಡು ಕಬ್ಬು ಕಡಿಯುವವನನ್ನು ಯಾರು ನೋಡಿದ್ದಾರೆ? ಪ್ರಾಜೆಕ್ಟ್ ಮ್ಯಾನೇಜರ್‌ಗೆ, ಅಂದರೆ ನಮ್ಮ ಪಿಎಂಗೆ, ಹೇಳಿದೆ. 'ಕಾಲ್‌ನಲ್ಲಿ ನೀವೇ ಕನ್ವಿನ್ಸ್ ಮಾಡಿ' ಅಂತ ಕೈ ತೊಳೆದುಕೊಂಡರು.

ನಾನು ಪೂರ್ತಿ ಪೇಟಕ್ಕೇ ತಯಾರಾದೆ. ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ ಚಿತ್ರಗಳಿವೆಯಲ್ಲ, ಅಲ್ಲಿ ಯಾರ ತಲೆ ಮೇಲೆ ಏನಿದೆ ಅಂತ ನೋಡಿ ಸ್ಕೆಚ್ ಮಾಡಿದೆ. ಪಕ್ಕದಲ್ಲಿ ಸಂತೆಯ ಟವೆಲ್ ತಲೆಗಳು. ಫೋಲ್ಡರ್ ನೋಡಿ ನನಗೇ ಹೆಮ್ಮೆಯಾಯಿತು.

ಕಾಲ್ ಶುರುವಾಯಿತು. ಕ್ಲೈಂಟ್ ಕಡೆಯಿಂದ ಒಬ್ಬರು ರಿಟೈರ್ಡ್ ಟೀಚರ್ ಬಂದಿದ್ದರು, ಮಂಡ್ಯ ಸೀಮೆಯವರು. ಇವರೇ ಪೇಟದವರು ಅಂತ ನೋಡಿದ ಕೂಡಲೇ ತೀರ್ಮಾನಿಸಿದೆ. ಅಪ್ಪನ ಮಾಡೆಲ್ ಶೀಟ್, ಅಂದರೆ ಪಾತ್ರದ ನಮೂನೆ ಚಿತ್ರ, ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು 'ಚೆನ್ನಾಗೈತೆ, ಮುಂದಕ್ಕೆ ಹೋಗಿ' ಅಂದರು. ಸ್ಕೆಚ್‌ಗಳೆಲ್ಲ ಫೋಲ್ಡರ್‌ನಲ್ಲೇ ಉಳಿದವು.

ಮುಂದೆ ಅಜ್ಜಿಯ ವಾಕ್ ಸೈಕಲ್, ಅಂದರೆ ನಡಿಗೆಯ ಅನಿಮೇಶನ್. ಬಲಕ್ಕೆ ನಡೆದಳು. ತಿರುಗಿ ಎಡಕ್ಕೆ ನಡೆದಳು. ಟೀಚರ್ ಕನ್ನಡಕ ಸರಿ ಮಾಡಿಕೊಂಡರು.

'ಇನ್ನೊಂದ್ಸಲ ಹಾಕಿ.'

ಹಾಕಿದರು.

'ಅಲ್ಲಾ ಸಾರ್, ಹೋಗುವಾಗ ಸೆರಗು ಎಡಗಡೆ ಹೆಗಲ ಮೇಲೈತೆ. ಬರುವಾಗ ಬಲಗಡೆ ಐತಲ್ಲ? ದಾರೀಲಿ ಸೀರೆ ಬಿಚ್ಚಿ ಉಟ್ಕಂಡ್ರಾ?'

ಯಾರೂ ನಗಲಿಲ್ಲ. ಫ್ಲಿಪ್! ಒಂದು ಪಕ್ಕಕ್ಕೆ ಮಾತ್ರ ರಿಗ್ ಕಟ್ಟಿ, ಇನ್ನೊಂದು ಪಕ್ಕಕ್ಕೆ ಅದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ಫ್ಲಿಪ್ ಹೊಡೆದಿದ್ದರು. ನನ್ನ ಮಾಡೆಲ್ ಶೀಟ್‌ನಲ್ಲೂ ಇದ್ದದ್ದು ಒಂದೇ ಪಕ್ಕ. ಎಲ್ಲರೂ ಬರೆಯುವುದೇ ಹಾಗೆ, ಟೈಮ್ ಉಳಿಯುತ್ತದೆ. ರಿಗ್ಗರ್‌ನ ವಿಡಿಯೋ ಆಫ್ ಆಯಿತು. ಪಿಎಂ ಗಂಟಲು ಸರಿ ಮಾಡಿಕೊಂಡು, 'ಅದು ಸ್ಟೈಲೈಸೇಶನ್ ಮೇಡಂ' ಅಂದರು. ನಾನು ಟೇಬಲ್ ಕೆಳಗೆ ಹೋಗುವುದೊಂದು ಬಾಕಿ.

'ಸ್ಟೈಲು ಇರ್ಲಿ ಬುಡಿ. ಆ ಕಂಸಾಳೆಯವರನ್ನ ತೋರಿಸಿ.'

ಅವರನ್ನು ತೋರಿಸಲು ನನಗೆ ಮನಸ್ಸಿರಲಿಲ್ಲ. ಏನಾಗಿರುತ್ತದೆ ಅಂತ ಆಗಲೇ ಗೊತ್ತಾಗಿತ್ತು. ಬಟ್ಟಲಿನಂಥ ತಾಳ ಎಡಗೈಯಲ್ಲಿ, ಗೊಂಡೆ ಕಟ್ಟಿದ ಚಪ್ಪಟೆ ತಾಳ ಬಲಗೈಯಲ್ಲಿ ಇರಬೇಕು. ಮಾದಪ್ಪನ ಪದ ಹಾಡುತ್ತಾ ಬೀಸಿ ಬೀಸಿ ಹೊಡೆಯುವುದು ಆ ಬಲಗೈ. ನಮ್ಮ ಕಲಾವಿದ ತಿರುಗಿದ ಕೂಡಲೇ ಎಡಚನಾದ. ಟೀಚರ್ ಏನೂ ಅನ್ನಲಿಲ್ಲ, ಪೆನ್ನು ತೆಗೆದು ಬರೆದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಎರಡೂ ರಿಗ್ ಮತ್ತೆ ಕಟ್ಟಬೇಕಾಯಿತು. ರಿಗ್ ಟೀಮ್‌ನವರ ಭಾನುವಾರ ಹೋಯಿತು. ಅವರು ನನ್ನ ಜೊತೆ ಕಾಫಿಗೆ ಬರುವುದನ್ನು ಸ್ವಲ್ಪ ಕಾಲ ನಿಲ್ಲಿಸಿದ್ದರು. ಎರಡು ಪಕ್ಕ ಬರೆಯಲು ಟೈಮ್ ಬೇಕು ಅಂತ ಎಸ್ಟಿಮೇಟ್ ಹಾಕುವಾಗಲೇ ಕೇಳಿದ್ದರೆ ಪಿಎಂ ಕೊಡುತ್ತಿದ್ದರಾ? ಖಂಡಿತ ಇಲ್ಲ. ಕೆಟ್ಟ ಮೇಲೆ ಎರಡು ಪಟ್ಟು ಟೈಮ್ ಎಲ್ಲಿಂದಲೋ ಹುಟ್ಟುತ್ತದೆ, ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈಗ ಪ್ರತಿ ಶೀಟ್‌ನಲ್ಲೂ ಸೆರಗು, ಸಂಚಿ, ಕೈಲಿರುವ ಸಾಮಾನು, ಅಂಗಿ ಜೇಬು ಇವಕ್ಕೆಲ್ಲ ಎಡ, ಬಲ ಅಂತ ಬೇರೆ ಬೇರೆ ಬಣ್ಣ ಹಚ್ಚುತ್ತೇನೆ. ಫ್ಲಿಪ್ ಮಾಡಿದರೆ ಹಾಳಾಗುವ ಪಾತ್ರದ ಹೆಸರಿನ ಪಕ್ಕ ಕೆಂಪು ಚುಕ್ಕೆ. ಹೊಸ ಪ್ರಾಜೆಕ್ಟ್‌ನಲ್ಲಿ ಸ್ಕೂಲ್ ಹುಡುಗರು, ಎಲ್ಲರ ಯೂನಿಫಾರಂನಲ್ಲೂ ಎಡಗಡೆ ಜೇಬು, ಜೇಬಿನ ಮೇಲೆ ಬ್ಯಾಡ್ಜ್. ಪಾತ್ರಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ ಲೈನ್‌ಅಪ್ ತುಂಬ ಕೆಂಪು ಚುಕ್ಕೆ ನೋಡಿ ಪಿಎಂ ಬೆಚ್ಚಿದ್ದಾರೆ. ಎರಡೂ ಕಡೆ ಜೇಬು ಇಟ್ಟುಬಿಡೋಣ ಅಂತಿದ್ದಾರೆ. ನಾನಿನ್ನೂ ಒಪ್ಪಿಲ್ಲ.