ತಲೆ ಮೇಲಿದ್ದ ಕ್ಯಾಶ್ ಕಾಲಡಿಗೆ ಬಂತು

1 ನವೆಂಬರ್ 2024, ಶುಕ್ರವಾರ
ಕುವೆಂಪುನಗರ, ಮೈಸೂರು

ನಿನ್ನೆಯ ಎಣ್ಣೆಸ್ನಾನದ ಮಂಪರು ಇನ್ನೂ ಇಳಿದಿಲ್ಲ. ಇವತ್ತು ರಾಜ್ಯೋತ್ಸವದ ರಜೆ ಬೇರೆ. ಹಬ್ಬಕ್ಕೆ ಮಂಡ್ಯದಿಂದ ಬಂದಿರುವ ಅಕ್ಕನ ಮಗ ಬೆಳಿಗ್ಗೆನೇ ಮೊಬೈಲ್ ಹಿಡಿದು ಓಡಿ ಬಂದ. "ಮಾಮ, 9800ಎಕ್ಸ್3ಡಿ ಅನೌನ್ಸ್ ಆಗಿದೆ! 7ನೇ ತಾರೀಖು ಬರುತ್ತಂತೆ!"

ಎಎಂಡಿ ಕಂಪನಿಯ ಹೊಸ ಕಂಪ್ಯೂಟರ್ ಪ್ರೊಸೆಸರ್, ರೈಜೆನ್ 7 ಸಾಲಿನದು. ಲೆಕ್ಕ ಮಾಡುವ ಎಂಟು ಕೋರ್, 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಪಕ್ಕದಲ್ಲೇ ಇಟ್ಟುಕೊಳ್ಳುವ ವೇಗದ ಮೆಮೊರಿ), ಬಿಡುಗಡೆಯ ಬೆಲೆ 479 ಡಾಲರ್. ನಮ್ಮೂರಿನ ಅಂಗಡಿಗೆ ಬರುವಷ್ಟರಲ್ಲಿ ಎಷ್ಟಾಗುತ್ತೋ!

"ಅಷ್ಟೊಂದು ಕ್ಯಾಶ್ ಯಾಕೆ ಮಾಮ?"

ಒಳಗೆ ಅಕ್ಕ ಕಜ್ಜಾಯ ತಟ್ಟುತ್ತಿದ್ದಳು. ಗಸಗಸೆ ಡಬ್ಬ ಪಕ್ಕದಲ್ಲೇ ಇದ್ದರೆ ಸರಿ. ಇಲ್ಲಾಂದ್ರೆ ಒಲೆ ಆರಿಸಿ ದೇವರಾಜ ಮಾರುಕಟ್ಟೆಗೆ ಹೋಗಬೇಕು, ಅಲ್ವಾ? ಕ್ಯಾಶ್ ಅಂದ್ರೆ ಆ ಡಬ್ಬ, ರ‍್ಯಾಮ್ ಅನ್ನೋ ಮುಖ್ಯ ಮೆಮೊರಿ ಅಂದ್ರೆ ಮಾರುಕಟ್ಟೆ. ಗೇಮ್‌ಗೆ ಒಂದೊಂದು ಫ್ರೇಮಿಗೂ ಅಲ್ಲೊಂದು ಇಲ್ಲೊಂದು ಚೂರು ಬೇಕು. ಡಬ್ಬ ಚಿಕ್ಕದಾದರೆ ಪ್ರೊಸೆಸರ್ ಸುಮ್ನೆ ಕಾಯುತ್ತಾ ಕೂರುತ್ತದೆ.

ನನಗೆ ಇಷ್ಟವಾಗಿದ್ದು ಬೇರೆ ವಿಷಯ. ಇದೇ ಬಗೆಯ 2022ರ ಪ್ರೊಸೆಸರ್ 5800ಎಕ್ಸ್3ಡಿಯಲ್ಲಿ 64 ಎಂಬಿಯ ಹೆಚ್ಚುವರಿ ಕ್ಯಾಶ್ ತುಂಡನ್ನು ಚಿಪ್ಪಿನ ಮೇಲೆ ಕೂರಿಸಿದ್ದರು. ಕಂಬಳಿ ಹೊದ್ದು ಓಡಿದ ಹಾಗೆ. ಶಾಖ ಹೊರಗೆ ಹೋಗುವುದು ಕಷ್ಟ. ಆ ತುಂಡಿಲ್ಲದ ಸಾದಾ 5800ಎಕ್ಸ್‌ನ ವೇಗ 4.7 ಗಿಗಾಹರ್ಟ್ಸ್‌ವರೆಗೆ ಹೋದರೆ ಇದು 4.5ಕ್ಕೇ ನಿಂತಿತು. ಈ ಸಲ ಆ ತುಂಡನ್ನು ಕೋರ್‌ಗಳ ಕೆಳಗೆ ಹಾಕಿದ್ದಾರೆ. ಬಿಸಿಯಾಗುವ ಕೋರ್ ಕೂಲರ್ ಕಡೆಗೆ ಬಂತು, ವೇಗ 5.2ಕ್ಕೆ ಏರಿತು. ಓವರ್‌ಕ್ಲಾಕ್‌ಗೂ, ಅಂದ್ರೆ ನಾವೇ ವೇಗ ಇನ್ನೂ ಏರಿಸಿಕೊಳ್ಳೋಕೂ, ಬೀಗ ತೆಗೆದಿದ್ದಾರೆ. ಇಷ್ಟು ಮಾಡೋಕೆ ಇಷ್ಟು ವರ್ಷ ಬೇಕಿತ್ತಾ ಅನ್ನಿಸಬಹುದು. ಆದರೆ ಕೋರ್‌ಗೆ ಬೇಕಾದ ಕರೆಂಟೂ ಈಗ ಆ ತುಂಡನ್ನೇ ತೂರಿಕೊಂಡು ಬರಬೇಕು. ಹುಡುಗಾಟ ಅಲ್ಲ.

"ಹಂಗಾದ್ರೆ ತಗೋ ಮಾಮ!"

ತಗೊಂಡು ಎಲ್ಲಿ ಕೂರಿಸಲಿ? ನನ್ನದು ಬಿ450 ಮದರ್‌ಬೋರ್ಡ್, ಪ್ರೊಸೆಸರ್ ಕೂರುವ ಜಾಗ ಹಳೇ ಎಎಂ4 ಸಾಕೆಟ್, ಒಳಗೆ ಹಳೇ ರೈಜೆನ್ 5 3600. ಹೊಸದಕ್ಕೆ ಎಎಂ5 ಬೋರ್ಡ್ ಬೇಕು, ಡಿಡಿಆರ್5 ರ‍್ಯಾಮ್ ಬೇಕು. ಮೇಲಾಗಿ ನನ್ನ ಗ್ರಾಫಿಕ್ಸ್ ಕಾರ್ಡ್ 3060. ಚಿತ್ರದ ಸೆಟ್ಟಿಂಗ್ ಏರಿಸಿದರೆ ಮೊದಲು ಏದುಸಿರು ಬಿಡುವುದು ಅದೇ.

ಬಯೋಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಇದೇ ಬೋರ್ಡಿಗೆ ಕೂರುವ 5700ಎಕ್ಸ್3ಡಿ ಹಾಕ್ತೀನಿ ಅಂದೆ. ಈ ಜನವರಿಯಲ್ಲಿ ಬಂದಿದ್ದು. ವೇಗ 4.1 ಅಷ್ಟೇ, ಆದರೆ ಕ್ಯಾಶ್ ಅದೇ 96 ಎಂಬಿ. ಹುಡುಗನ ಮುಖ ಸಪ್ಪಗಾಯಿತು. "ಅದು ಹಳೇದಲ್ವಾ?"

ಹಳೇದೇ ಕಣೋ. ಇಎಂಐ ಕಟ್ಟೋನು ನಾನು.

ಅಕ್ಕ ಮಗನನ್ನು ಕರೆದಳು. ಎರಡು ಕಜ್ಜಾಯ ತಿಂದು ಬಂದವನು, ಎಣ್ಣೆ ಕೈಯಲ್ಲೇ ಕ್ಯಾಬಿನೆಟ್ ಗಾಜು ಒತ್ತಿ ಹಿಡಿದು ಒಳಗೆ ಇಣುಕಿದ. ಐದೂ ಬೆರಳಿನ ಗುರುತು ಹಾಗೇ ಇದೆ.